ಬಲೆಯೊಳಗೆ ಕುರಿ, ಬಲೆಯಾಚೆ ಗಿಡ

ಕಣ್ಣು ಬಿಡುವ ಮೊದಲೇ ವಾಸನೆ ಬಂದು ಮುಟ್ಟುತ್ತದೆ. ಕುರಿಯ ಉಚ್ಚೆಯ ಘಾಟು, ಇಬ್ಬನಿಗೆ ತೊಯ್ದ ಕಂಬಳಿ, ಆರಿದ ಒಲೆಯ ಬೂದಿ. ಮಾಘದ ಚಳಿ ಇನ್ನೂ ಬಿಟ್ಟಿಲ್ಲ. ಶಿವರಾತ್ರಿಗೆ ಎಂಟು ದಿನ ಉಳಿದಿದೆ, ಅಂದು ಅದು ಶಿವಶಿವಾ ಅನ್ನುತ್ತ ಹೋಗುತ್ತದೆ ಎಂದು ಅಜ್ಜ ರಾತ್ರಿ ಸಮಾಧಾನ ಹೇಳಿದ್ದರು. ಖಾನಾಪುರ ತಾಲ್ಲೂಕಿನ ಹಲಸಿ ಊರಿನ ಆಚೆ, ಭತ್ತದ ಗದ್ದೆ ಮುಗಿದು ಮಡ್ಡಿ ಏರುವಲ್ಲಿ ನಾವು ಮಲಗಿದ್ದೇವೆ. ನಾವು ಅಂದರೆ ಅಜ್ಜ, ಆಯಿ, ಅವರ ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗಳು, ಎರಡು ನಾಯಿ, ಒಂದು ಕುದುರೆ, ಮುನ್ನೂರರ ಹತ್ತಿರ ಕುರಿ, ಹನ್ನೆರಡು ಆಡು, ಕಡೆಗೆ ನಾನು.

ದಡ್ಡಿಯಿಂದ ಸಣ್ಣಗೆ ಸದ್ದು ಬರುತ್ತಿದೆ. ಎಲೆಗಳ ಮೇಲೆ ಮಳೆ ಬಿದ್ದ ಹಾಗೆ. ಕಿವಿಗೊಟ್ಟರೆ ತಿಳಿಯುತ್ತದೆ, ಮುನ್ನೂರು ದವಡೆಗಳು ಒಟ್ಟಿಗೆ ಮೆಲುಕು ಹಾಕುತ್ತಿವೆ. ನಡುವೆ ಒಂದು ಕೆಮ್ಮು. ಎಲ್ಲೋ ಒಂದು ಗಂಟೆ ಕಿಣಿ ಅಂದು ಸುಮ್ಮನಾಗುತ್ತದೆ. ಬೇರೆ ಗೂಡಿನಲ್ಲಿ ಕೂಡಿಟ್ಟ ಎಳೆಮರಿಗಳು ಹಾಲಿಗಾಗಿ ಒರಲುತ್ತಿವೆ, ತಾಯಿಗಳು ಒಳಗಿನಿಂದ ಓಗೊಡುತ್ತಿವೆ. ಸೊಸೆ ಕತ್ತಲಲ್ಲೇ ಒಂದೊಂದು ಮರಿಯನ್ನು ಎತ್ತಿಕೊಂಡು ಹೋಗಿ ಅದರದೇ ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದಾರೆ. ಒಂದೂ ತಪ್ಪುವುದಿಲ್ಲ.

“ಕತ್ತಲದಾಗ ಹೆಂಗ ಗುರುತ ಹಿಡೀತೀರಿ ಅಕ್ಕಾರ?”

“ದನಿ ಐತೆಲ್ರಿ ಅಣ್ಣಾರ.”

ಪೂರ್ವಕ್ಕೆ ಬೂದು ಬೆಳಕು ಬಿದ್ದಾಗ, ರಾತ್ರಿ ಕಾಣದಿದ್ದದ್ದು ಕಾಣುತ್ತದೆ. ಕುರಿದಡ್ಡಿ ಸಾಮಾನ್ಯವಾಗಿ ದುಂಡಗಿರುತ್ತದೆ. ಇದು ರೊಟ್ಟಿಗೆ ಬದಲು ಶಾವಿಗೆಯಂತೆ ಉದ್ದಕ್ಕೆ ಎಳೆದ ದಡ್ಡಿ. ಸೊಂಟದೆತ್ತರದ ನೈಲಾನ್ ಬಲೆ, ಅದನ್ನು ಹಿಡಿದು ನಿಂತ ಬಿದಿರಿನ ಗೂಟಗಳು. ಬಲೆಯಿಂದ ಒಂದು ಮಾರು ಆಚೆ ಗೇರು ಸಸಿ. ಅದರ ಮುಂದೆ ಇನ್ನೊಂದು. ಆಮೇಲೆ ಹೆಬ್ಬೇವು, ಹಲಸು, ಮತ್ತೆ ಗೇರು. ಇನ್ನೊಂದು ಮಗ್ಗುಲಲ್ಲೂ ಹಾಗೆಯೇ. ಸಾಲಿನಿಂದ ಸಾಲಿಗೆ ಹನ್ನೆರಡು ಹೆಜ್ಜೆ. ನಾನೇ ನಡೆದು ನೋಡಿದೆ. ಆ ಹನ್ನೆರಡು ಹೆಜ್ಜೆಯ ನಡುವೆ ಎಂಟು ಹೆಜ್ಜೆ ಅಗಲದ ಓಣಿಯಲ್ಲಿ ಇಡೀ ಹಿಂಡು ರಾತ್ರಿ ಕಳೆದಿದೆ. ಸಸಿಗಳೆಲ್ಲ ಹೋದ ಮುಂಗಾರಿನಲ್ಲಿ ನೆಟ್ಟವು. ಹೆಬ್ಬೇವು ಎದೆಯೆತ್ತರ, ಗೇರು ಮೊಣಕಾಲೆತ್ತರ, ಹಲಸು ಒಂದೂವರೆ ಗೇಣು. ಕುರಿಯ ಬಾಯಿಗೆ ಎಲ್ಲವೂ ಎಟುಕುತ್ತವೆ.

ನಾನು ಬಂದದ್ದೇ ಇದನ್ನು ನೋಡಲಿಕ್ಕೆ. ಹೊಸದಾಗಿ ಗಿಡ ನೆಟ್ಟ ಹೊಲಕ್ಕೆ ಕುರಿ ಕರೆಯುವುದೆಂದರೆ ಹಾಲಿನ ಪಾತ್ರೆಯ ಪಕ್ಕ ಬೆಕ್ಕನ್ನು ಮಲಗಿಸಿದಂತೆ. ನಮ್ಮ ಕಡೆ ಯಾರಾದರೂ ಗಿಡ ನೆಟ್ಟರೆ ಮೊದಲು ಕೇಳುವ ಮಾತು, “ಕುರಿ ಬರತಾವೇನ?” ಬರುತ್ತವೆ ಅಂದರೆ ಮುಳ್ಳಿನ ಬೇಲಿ, ಕಲ್ಲಿನ ಗೋಡೆ, ತಂತಿ. ಹಲಸಿಯ ಈ ಹೊಲದ ಮಾಲಕರು ಮಾತ್ರ ತಿರುವಿ ಯೋಚಿಸಿದ್ದಾರೆ. ಎರಡು ಎಕರೆ ಮಡ್ಡಿಯ ಸುತ್ತ ತಂತಿ ಬೇಲಿ ಹಾಕಲು ದುಡ್ಡಿಲ್ಲ. ಕುರುಬರ ಹತ್ತಿರ ಬಲೆ ಇದೆ, ದಿನವೂ ಕಿತ್ತು ದಿನವೂ ನೆಡುವ ಬಲೆ. ಗಿಡಕ್ಕೇಕೆ ಬೇಲಿ, ಕುರಿಗೇ ಹಾಕಿದರಾಯಿತು.

ಆಡಿನ ಹಾಲಿನ ಚಹಾ ಬರುತ್ತದೆ. ಬೆಲ್ಲ ಜಾಸ್ತಿ, ಹೊಗೆಯ ರುಚಿ ಇನ್ನೂ ಜಾಸ್ತಿ. ಆಡು ಸಾಕುವುದು ಇದಕ್ಕೇ, ಜೊತೆಗೆ ಹಿಂಡಿನ ಮುಂದೆ ನಡೆಯಲಿಕ್ಕೆ. ಕುರಿ ಹಳ್ಳ ದಾಟಲು ಹೆದರಿ ನಿಂತರೆ ಆಡು ಮೊದಲು ಹಾರುತ್ತದೆ. ಆಯಿ ಅರಿಶಿನದ ಭಂಡಾರವನ್ನು ಚಿಟಿಕೆಯಲ್ಲಿ ಹಿಡಿದು ಬೀರಪ್ಪನನ್ನೂ ಬಾಳುಮಾಮಾರನ್ನೂ ನೆನೆದು ದಡ್ಡಿಯ ಕಡೆ ತೂರುತ್ತಾರೆ. ಬಾಳುಮಾಮಾ ಇದೇ ಬೆಳಗಾವಿ ಜಿಲ್ಲೆಯ ಅಕ್ಕೋಳದಲ್ಲಿ ಹುಟ್ಟಿದವರು, ಕೊಲ್ಲಾಪುರ ಸೀಮೆಯ ಆದಮಾಪುರದಲ್ಲಿ 1966ರಲ್ಲಿ ಸಮಾಧಿಯಾದವರು. ಅವರ ಹೆಸರಿನ ಕುರಿಹಿಂಡುಗಳು ಇವತ್ತಿಗೂ ಗಡಿಯ ಎರಡೂ ಕಡೆ ಅಲೆಯುತ್ತವೆ. ಅವು ತಮ್ಮ ಹೊಲದಲ್ಲಿ ಒಂದು ರಾತ್ರಿ ತಂಗಲಿ ಎಂದು ಭಕ್ತರು ಕಾಯುತ್ತಾರೆ. ಹೊಲದಲ್ಲಿ ಕುರಿ ಮಲಗುವುದು ಭಾಗ್ಯ ಅನ್ನುವ ನಂಬಿಕೆಯ ಬುಡದಲ್ಲಿ ಹಿಕ್ಕೆ ಇದೆ. ಹಿಕ್ಕೆಯನ್ನು ಗಾಡಿಯಲ್ಲಿ ಹೇರಿ ತರಬಹುದು, ಉಚ್ಚೆಯನ್ನು ತರಲಾಗದು. ಕುರಿ ತರುಬಿದರೆ ಎರಡೂ ಬಿದ್ದಲ್ಲೇ ಇಂಗುತ್ತವೆ.

ಅಜ್ಜನ ಮನೆತನ ಗೋಕಾಕ ಕಡೆಯದು. ಮಳೆಗಾಲದಲ್ಲಿ ಈ ಕಡೆ ಹಾಯುವಂತಿಲ್ಲ. ಖಾನಾಪುರದ ಮಳೆಯಲ್ಲಿ ದಖ್ಖನಿ ಕುರಿಯ ಉಣ್ಣೆ ನೆಂದು ಭಾರವಾಗುತ್ತದೆ, ಗೊರಸು ಕೊಳೆಯುತ್ತದೆ. ಆಗ ಪೂರ್ವದ ಒಣಸೀಮೆಯೇ ಲೇಸು. ಅಲ್ಲಿ ಹುಲ್ಲು ಒಣಗಿ, ಇಲ್ಲಿ ಭತ್ತದ ಸುಗ್ಗಿ ಮುಗಿದ ಮೇಲೆ ಹಿಂಡು ಪಶ್ಚಿಮಕ್ಕೆ ಮುಖ ಮಾಡುತ್ತದೆ. ಹಿಂಡಿನಲ್ಲಿ ಕರಿಯುಣ್ಣೆಯ ಕುರಿ ಅರ್ಧದಷ್ಟೂ ಇಲ್ಲ. ಮಿಕ್ಕವೆಲ್ಲ ಮಾಡಗ್ಯಾಳದ ಡೊಂಕುಮೂಗಿನವು, ಉದ್ದ ಕಾಲಿನ ಎಳಗ. ಅವು ಮಾಂಸಕ್ಕೆ ತೂಗುತ್ತವೆ. ಕಂಬಳಿಗೆ ಗಿರಾಕಿ ಇಲ್ಲದ ಮೇಲೆ ಉಣ್ಣೆ ಕತ್ತರಿಸಿದ ಕೂಲಿಯೂ ಹುಟ್ಟುವುದಿಲ್ಲ ಎಂದು ಮಗ ಹೇಳುತ್ತಾನೆ. ಅಜ್ಜ ಕಂಬಳಿಯ ಕೊಪ್ಪೆಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಳ್ಳುತ್ತಾರೆ. 2019ರ ಜಾನುವಾರು ಗಣತಿಯ ಪ್ರಕಾರ ರಾಜ್ಯದಲ್ಲಿ 1 ಕೋಟಿ 10 ಲಕ್ಷ ಕುರಿಗಳಿವೆ. ದೇಶದಲ್ಲಿ ತೆಲಂಗಾಣ ಮತ್ತು ಆಂಧ್ರದ ನಂತರ ನಾವೇ. ಇಷ್ಟು ಬಾಯಿಗಳು ಬೇಸಿಗೆಯಲ್ಲಿ ಎಲ್ಲಿ ಮೇಯುತ್ತವೆ ಎಂದು ಗಣತಿಯವರು ಕೇಳುವುದಿಲ್ಲ.

ಬಿಸಿಲು ಕಂಬಳಿಗೆ ತಾಕಿದಾಗ ಮಗ ಬಲೆಯ ಒಂದು ಮೂಲೆ ಎತ್ತುತ್ತಾನೆ. ಅಜ್ಜ ಸಸಿಸಾಲಿನ ಕಡೆ ನಿಂತಿದ್ದಾರೆ, ಕೋಲು ಅಡ್ಡ ಹಿಡಿದು. ಆಯಿ ಇನ್ನೊಂದು ಕಡೆ. ನಾಯಿಗಳು ತಾವೇ ತಿಳಿದು ಎರಡು ಬದಿ ಹಂಚಿಕೊಂಡಿವೆ. ನಾಲಿಗೆಯನ್ನು ಅಂಗುಳಿಗೆ ತಾಕಿಸಿ ಟ್ರ್ರ್ರ್ ಎಂದದ್ದೇ ತಡ, ಆಡು ಮುಂದೆ, ಹಿಂಡು ಹಿಂದೆ. ಓಣಿಯಿಂದ ನೀರು ಹರಿದಂತೆ ಹೊರಬೀಳುತ್ತವೆ. ಒಂದು ಎಳಗ ಕತ್ತು ಚಾಚಿ ಹೆಬ್ಬೇವಿನ ತುದಿಗೆ ಮೂತಿ ಒಡ್ಡುತ್ತದೆ. ಕೋಲಿನ ತುದಿ ಅದರ ಮೂಗಿಗೆ ಮೆಲ್ಲಗೆ ತಗುಲುತ್ತದೆ. ಅಷ್ಟೇ. ಗೇರಿನ ಕಡೆ ಒಂದೂ ತಿರುಗಿ ನೋಡುವುದಿಲ್ಲ. ಅದರ ಎಲೆ ಅವಕ್ಕೆ ಒಗರು. ಮಾಲಕರು ಅರ್ಧಕ್ಕಿಂತ ಹೆಚ್ಚು ಗೇರು ಯಾಕೆ ನೆಟ್ಟರು ಎಂಬುದು ಈಗ ತಿಳಿಯಿತು.

ಖಾಲಿಯಾದ ಓಣಿ ಕರಿಮೆಣಸು ಹರವಿದ ಅಂಗಳದಂತಿದೆ. ಕೆಂಪು ಜಂಬಿಟ್ಟಿಗೆ ಮಣ್ಣಿನ ಮೇಲೆ ಹಿಕ್ಕೆಯ ಹಾಸು, ಹಬೆಯಾಡುತ್ತಿದೆ. ಈ ಮಣ್ಣು ಮಳೆಗೆ ತೊಳೆದು ಹೋದ ಮಣ್ಣು. ಸಸಿಗೆ ಗುಂಡಿ ತೋಡುವಾಗ ಹಾರೆ ಕಲ್ಲಿಗೆ ತಾಕಿ ಕಿಡಿ ಹಾರಿತ್ತಂತೆ. ಇಲ್ಲಿ ಹತ್ತು ರಾತ್ರಿ, ಹತ್ತು ಓಣಿ ಎಂದು ಮಾತಾಗಿದೆ. ಅಕ್ಕಿ ಇಷ್ಟು, ದುಡ್ಡು ಇಷ್ಟು. ಜೊತೆಗೆ ಒಂದು ಕರಾರು: ತುದಿ ಮುರಿದ ಪ್ರತಿ ಸಸಿಗೆ ಅರ್ಧ ಸೇರು ಅಕ್ಕಿ ಕಡಿತ. ಇದನ್ನು ಯಾರೂ ಬರೆದುಕೊಂಡಿಲ್ಲ.

ಹಿಂಡು ಊರ ಕಡೆ ಇಳಿಯುತ್ತದೆ. ದಾರಿಯ ಬದಿಗೆ ಮುತ್ತಲ ಮರಗಳು, ಎಲೆ ಕಳಚಿ ಮೈತುಂಬ ಹೂ ಹೊತ್ತಿವೆ. ಇದ್ದಿಲ ಬಣ್ಣದ ತೊಟ್ಟು, ಅದರ ತುದಿಗೆ ಗಿಣಿಯ ಕೊಕ್ಕಿನಂಥ ಕೆಂಡದ ದಳ. ಕೆಳಗೆ ಬಿದ್ದ ಹೂವಿನ ಮೇಲೆ ಕುರಿಗಳು ನಡೆದು ಹೋಗುತ್ತಿವೆ. ಈ ಊರಿನ ಹಳೆಯ ಹೆಸರು ಪಲಾಶಿಕಾ. ಐದನೆಯ ಶತಮಾನದ ಕದಂಬ ತಾಮ್ರಪಟಗಳಲ್ಲಿ ಹಾಗೆಯೇ ಇದೆ. ಪಲಾಶ ಅಂದರೆ ಇದೇ ಮುತ್ತಲ. ಬನವಾಸಿಯ ಅರಸರು ತಮ್ಮ ವಂಶಕ್ಕೆ ಒಂದು ಮರದ ಹೆಸರಿಟ್ಟುಕೊಂಡರು, ಅವರ ಎರಡನೆಯ ರಾಜಧಾನಿಯ ಹೆಸರಲ್ಲಿ ಇನ್ನೊಂದು ಮರ ಸೇರಿತು.

“ಅಜ್ಜಾರ, ಬ್ಯಾರೆ ಗಿಡ ಎಲ್ಲಾ ಹೋಗ್ಯಾವ, ಮುತ್ತಲ ಅಷ್ಟ ಹೆಂಗ ಉಳದೈತಿ?”

“ಕುರಿ ತಿನ್ನೂದಿಲ್ಲ ತಮ್ಮಾ, ಅದಕ್ಕ.”

ಇತಿಹಾಸದ ಪುಸ್ತಕದಲ್ಲಿ ನನಗೆ ಸಿಗದ ಉತ್ತರ ಇದು. ಎಮ್ಮೆ ಬಾಯಿ ಹಾಕೀತು, ಕುರಿ ಆಡು ಮುತ್ತಲದ ಎಲೆಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಕಡಿದರೂ ಬೇರಿನಿಂದ ಮತ್ತೆ ಚಿಗುರುತ್ತದೆ. ಗೋಮಾಳದಲ್ಲಿ ಉಳಿಯುವುದು ಹಿಂಡಿಗೆ ಬೇಡವಾದ ಮರ. ಪಾಲಿಗೆ ಬಂದದ್ದನ್ನು ಆಯಿ ಬಿಡುವವರಲ್ಲ. ಹಳೆಯ ಎಲೆ ಎಲ್ಲಾದರೂ ಉಳಿದಿದೆಯೇ ಎಂದು ಕೊಂಬೆ ಬಗ್ಗಿಸಿ ಹುಡುಕಿ, ಊಟದ ಎಲೆ ಹಚ್ಚಲು ನಾಲ್ಕು ಕಿತ್ತು ಸೆರಗಿಗೆ ಕಟ್ಟಿಕೊಳ್ಳುತ್ತಾರೆ.

ಭೂವರಾಹ ನರಸಿಂಹ ಗುಡಿಯ ಕಲ್ಲಿನ ಗೋಡೆಯ ಬದಿಯಿಂದ ಹಿಂಡು ಹಾಯುತ್ತದೆ. ಇಲ್ಲಿ ಎರಡು ಗರ್ಭಗುಡಿ ಎದುರುಬದುರು ನಿಂತಿವೆ. ಒಂದರಿಂದ ವರಾಹ, ಇನ್ನೊಂದರಿಂದ ನರಸಿಂಹ ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. 1169ರ ಶಾಸನವೂ ಇದೆ, ಗೋವೆಯ ಕದಂಬರ ಕಾಲದ್ದು. ಅದಕ್ಕೂ ಹಿಂದೆ, ಅದೇ ಪಲಾಶಿಕೆಯಲ್ಲಿ ಬನವಾಸಿಯ ಅರಸ ಮೃಗೇಶವರ್ಮ ತಂದೆಯ ನೆನಪಿಗೆ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಬಿಟ್ಟುಕೊಟ್ಟಿದ್ದನ್ನು ತಾಮ್ರದ ಮೇಲೆ ಕೊರೆಸಿದ. ಗಡಿ ಎಲ್ಲಿಂದ ಎಲ್ಲಿಗೆ ಎಂಬುದೂ ಅದರಲ್ಲಿದೆ. ಗುಡಿಗೆ ಕೊಟ್ಟ ಹೊಲಕ್ಕೆ ಪಟ ಸಿಕ್ಕಿತು. ಮೇವಿನ ದಾರಿಗೆ ಯಾವ ಅರಸನೂ ತಾಮ್ರ ಕೊರೆಸಿದ್ದು ನಾನು ಓದಿಲ್ಲ. ಕುರಿಗಳು ಗುಡಿಯ ಮುಂದೆ ನಿಂತು ಉಚ್ಚೆ ಹೊಯ್ಯುತ್ತವೆ. ಎದುರಿಗೆ ಬಂದ ಬೈಕಿನವನು ಮರಾಠಿಯಲ್ಲಿ ಬೈದುಕೊಂಡು ಕಾಯುತ್ತಾನೆ. ಅಜ್ಜ ಮರಾಠಿಯಲ್ಲೇ ಅವನ ಮನೆಯವರನ್ನೆಲ್ಲ ಕ್ಷೇಮ ಕೇಳಿ ನಗಿಸಿ ಕಳಿಸುತ್ತಾರೆ. ಖಾನಾಪುರದಲ್ಲಿ ಕುರಿ ಕಾಯಲು ಎರಡು ನಾಲಿಗೆ ಬೇಕು.

ಊರು ದಾಟಿ ದಕ್ಷಿಣಕ್ಕೆ ಏರಿದರೆ ಕಾಡಿನಂಚು. ಈ ಕಡೆಯಿಂದ ಮುಂದೆ ಮುಂದೆ ಹೋದಂತೆ ಮತ್ತಿ, ನಂದಿ, ಹೊನ್ನೆಯ ಕಾಡು ದಟ್ಟವಾಗುತ್ತ ನಾಗರಗಾಳಿಗೆ ಮುಟ್ಟುತ್ತದೆ. ತಾಲ್ಲೂಕಿನ ಪಶ್ಚಿಮದ ತುದಿಯಲ್ಲಿ, ಗೋವಾ ಗಡಿಗೆ ಒತ್ತಿಕೊಂಡು, 2011ರಲ್ಲಿ ವನ್ಯಧಾಮವಾದ ಭೀಮಗಡ. ನಾವು ಅಷ್ಟು ದೂರ ಹೋಗುವುದಿಲ್ಲ. ನಮ್ಮ ಎದುರಿಗೆ ಕಂದಕ, ಕಂದಕದ ಆಚೆ ಅಕೇಶಿಯಾ ನೆಡುತೋಪು.

ನಾನೊಬ್ಬನೇ ಕಂದಕ ಇಳಿದು ಹತ್ತಿ ಒಳಗೆ ಹೋಗುತ್ತೇನೆ. ಹತ್ತು ಹೆಜ್ಜೆಗೆ ಸದ್ದು ನಿಲ್ಲುತ್ತದೆ. ಕುಡುಗೋಲಿನ ಆಕಾರದ ಒಣ ಎಲೆ ಕಾಲಗಂಟಿನವರೆಗೆ ಬಿದ್ದಿದೆ, ಹೆಜ್ಜೆ ಇಟ್ಟರೆ ಹಪ್ಪಳ ಮುರಿದಂತೆ. ನೆರಳಿದೆ, ತಂಪೂ ಇದೆ. ಬಗ್ಗಿ ಎಲೆ ಸರಿಸಿದರೆ ಕೆಳಗೆ ಒಂದು ಗರಿಕೆ ಇಲ್ಲ. ಹೊರಗೆ ನಿಂತ ಹಿಂಡಿಗೆ ಇದರೊಳಗೆ ಬರುವ ಆಸೆಯೂ ಇದ್ದಂತಿಲ್ಲ. ಆಡು ಕೂಡ ಕಂದಕದ ಅಂಚಿಗೆ ಬಂದು ಮೂಸಿ ಹಿಂದಿರುಗಿತು.

ಇದರ ಹಿಂದಿನ ಲೆಕ್ಕ ಸರಳ. ಬಯಲಲ್ಲಿ ಗಿಡ ಬೆಳೆಸುವವನಿಗೆ ದೊಡ್ಡ ಖರ್ಚು ಕಾವಲು. ದನ ಕುರಿ ತಿನ್ನದ ಜಾತಿ ನೆಟ್ಟರೆ ಆ ಖರ್ಚು ಉಳಿಯಿತು. ಹೀಗೆ ಅಕೇಶಿಯಾ ಬಂತು, ನೀಲಗಿರಿ ಬಂತು. ನೀಲಗಿರಿ ನೆಡುವುದನ್ನು ಸರಕಾರವೇ 2017ರಲ್ಲಿ ನಿಷೇಧಿಸುವಷ್ಟರಲ್ಲಿ ಎಷ್ಟೋ ಗೋಮಾಳಗಳು ಅದರ ಪಾಲಾಗಿದ್ದವು. ಹೊರಗಿನಿಂದ ನೋಡಿದವರಿಗೆ ಅದು ಹಸಿರು. ಕುರುಬನ ಲೆಕ್ಕದಲ್ಲಿ ಅಷ್ಟು ಜಾಗ ನಕಾಶೆಯಿಂದ ಅಳಿಸಿದಂತೆ. ಕುರಿ ಇನ್ನೊಂದು ಕಡೆ ನುಗ್ಗುತ್ತದೆ, ಅಲ್ಲಿಯ ಎಳೆ ಸಸಿ ಹಾಳಾಗುತ್ತದೆ, “ಕುರಿಯಿಂದ ಕಾಡು ಉಳಿಯೂದಿಲ್ಲ” ಎಂಬ ಮಾತಿಗೆ ಪುರಾವೆ ಸಿಗುತ್ತದೆ. ಕುರಿ ತಿನ್ನದ ಮರ ನೆಟ್ಟದ್ದರಿಂದಲೇ ಕುರಿ ಕಾಡಿಗೆ ವೈರಿಯಾಯಿತು ಎಂದು ನನಗೆ ಅನ್ನಿಸುತ್ತದೆ.

ಕಂದಕದ ಗುಂಟ ಒಬ್ಬ ಕಾವಲುಗಾರ ಬರುತ್ತಾರೆ. ವಯಸ್ಸಾದವರು, ಹೆಗಲಿಗೆ ಟವೆಲ್, ಅಜ್ಜನಿಗೆ ಹಳೆಯ ಪರಿಚಯ. ಇಬ್ಬರೂ ಕಂದಕದ ಎರಡು ದಂಡೆಗೆ ಕೂತು ಸುಣ್ಣ ತಂಬಾಕು ಬದಲಿಸಿಕೊಳ್ಳುತ್ತಾರೆ.

“ಒಳಗ ಬಿಡಬ್ಯಾಡೋ ಮಾರಾಯಾ.”

“ಒಳಗ ಏನೈತಿ ಬಿಡಾಕ?”

ನಗೆ. ಆದರೆ ನಗೆಯ ಕೆಳಗೆ ಅಂಜಿಕೆ ಇದೆ. 2025ರ ಜೂನ್‌ನಲ್ಲಿ ಮಲೆಮಹದೇಶ್ವರ ಬೆಟ್ಟದಲ್ಲಿ ವಿಷ ತಿಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತವು. ಮರುತಿಂಗಳು ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನಲ್ಲಿ ದನ, ಕುರಿ, ಮೇಕೆ ಮೇಯಿಸುವುದನ್ನು ನಿಲ್ಲಿಸಲು ಅಧಿಕಾರಿಗಳಿಗೆ ಸೂಚಿಸಿದರು. ಕುರಿಗಾಹಿಗಳು ಎದ್ದು ಕೂತರು. ಅವರ ಕೈಯಲ್ಲಿರುವುದು 2006ರ ಅರಣ್ಯ ಹಕ್ಕು ಕಾಯ್ದೆ. ಅದರ 3ನೇ ಕಲಮು ಮೇಯಿಸುವ ಹಕ್ಕನ್ನು ಒಪ್ಪುತ್ತದೆ, ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಬಂದುಹೋಗುವುದನ್ನೂ ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ನೆಲೆಸಿದ್ದನ್ನು ತೋರಿಸಬೇಕು. ಎಲ್ಲಿಯೂ ಹತ್ತು ರಾತ್ರಿಗಿಂತ ಹೆಚ್ಚು ನಿಲ್ಲದವರು ನೆಲೆಯನ್ನು ಹೇಗೆ ತೋರಿಸಬೇಕು? ಅಜ್ಜನ ಹತ್ತಿರ ಇರುವ ಏಕೈಕ ಪುರಾವೆ ಅವರ ಮಾತು: ಯಾವ ಹಳ್ಳದ ದಂಡೆಯ ಯಾವ ಬಸರಿ ಮರದಲ್ಲಿ ತನ್ನ ಅಪ್ಪ ಯಾವ ಕೊಂಬೆ ಕಡಿಯುತ್ತಿದ್ದ ಎಂಬ ಮಾತು.

ಆ ಬಸರಿ ಮರದ ಕೆಳಗೇ ಮಧ್ಯಾಹ್ನ. ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟಿದೆ. ಕುರಿಗಳು ತಲೆಯನ್ನು ಒಂದರ ಹೊಟ್ಟೆಯ ನೆರಳಿಗೆ ಇನ್ನೊಂದು ತೂರಿಸಿ ಗುಂಪಾಗಿ ನಿಂತಿವೆ. ಮುತ್ತಲದ ಎಲೆಯ ಮೇಲೆ ಜೋಳದ ರೊಟ್ಟಿ, ಹಿಂಡಿ, ಹಸಿ ಉಳ್ಳಾಗಡ್ಡಿ. ಉಂಡ ಮೇಲೆ ಅಜ್ಜ ದೋಟಿ ಎತ್ತಿ ಮರದ ಉತ್ತರದ ಕೊಂಬೆಗಳನ್ನು ಮಾತ್ರ ಸವರುತ್ತಾರೆ. ದಕ್ಷಿಣದ್ದನ್ನು ಮುಟ್ಟುವುದಿಲ್ಲ. ಅದು ತಿರುಗಿ ಬರುವಾಗಿನ ಪಾಲು. ಸೊಪ್ಪು ನೆಲಕ್ಕೆ ಬೀಳುವ ಮೊದಲೇ ಆಡುಗಳು ಹಿಂಗಾಲ ಮೇಲೆ ನಿಂತಿರುತ್ತವೆ.

ಯಾವ ಗಿಡ ನೆಟ್ಟರೆ ನಿಮಗೆ ಒಳ್ಳೆಯದು ಎಂದು ಕೇಳುತ್ತೇನೆ. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿಲ್ಲ ಎಂಬಂತೆ ಅಜ್ಜ ನನ್ನ ಮುಖ ನೋಡುತ್ತಾರೆ. ಆಮೇಲೆ ಬೆರಳು ಮಡಿಚುತ್ತಾರೆ. ಬನ್ನಿ. ಅತ್ತಿ. ಬಸರಿ. ಬಾರಿ, ಮುಳ್ಳಿದ್ದರೂ. ಚೊಗಚೆ, ಬೇಗ ಬರುತ್ತದೆ. ಹಲಸಿನ ಎಲೆ ಅಂದರೆ ಆಡಿಗೆ ಹೋಳಿಗೆ. ಕರಿಜಾಲಿ, ಅದಕ್ಕೆ ಎರೆನೆಲ ಬೇಕು, ಇಲ್ಲಿ ಬಾರದು.

ಜಾಲಿಯ ವಿಷಯಕ್ಕೆ ಅವರ ದನಿಯೇ ಬೇರೆಯಾಗುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆ ಏನೂ ಇಲ್ಲದಾಗ ಜಾಲಿಕಾಯಿ ಉದುರುತ್ತದೆ, ಕುರಿ ಅದನ್ನು ಬೆಲ್ಲದಂತೆ ತಿನ್ನುತ್ತದೆ. ರಾತ್ರಿ ಮೆಲುಕು ಹಾಕುವಾಗ ಗಟ್ಟಿ ಬೀಜಗಳನ್ನು ಬಾಯಿಂದ ಉದುರಿಸುತ್ತದೆ, ಕೆಲವು ಹಿಕ್ಕೆಯಲ್ಲಿ ಬೀಳುತ್ತವೆ. ದಡ್ಡಿ ಗುಡಿಸಿದ ಬೀಜ ಮರದಿಂದ ಕಿತ್ತ ಬೀಜಕ್ಕಿಂತ ಚೆನ್ನಾಗಿ ಮೊಳೆಯುತ್ತದೆ; ನರ್ಸರಿಯವರಿಗೂ ಇದು ಗೊತ್ತಿರುವ ಸಂಗತಿ. ಊರಲ್ಲಿ ಅಜ್ಜನ ಹೊಲದ ಬದುವಿನ ಮೇಲೆ ನಿಂತ ಜಾಲಿಗಳನ್ನು ಯಾರೂ ನೆಟ್ಟಿಲ್ಲ.

“ಸುಬಾಬುಲ್ ಹೆಂಗ್ರಿ? ಲಗೂನ ಬೆಳೀತದಂತ.”

“ಏ, ಅದು ಬ್ಯಾಡೋ ತಮ್ಮಾ! ಒಬ್ಬಾಂವ ಬದುವಿನ ತುಂಬ ಹಚ್ಚಿದ್ದಾ. ಪುಕ್ಕಟ ಮೇಯಸರಿ ಅಂದಾ. ಎಂಟ ದಿವಸ ಮೇಯಿಸಿದ್ವಿ. ಉಣ್ಣಿ ಹಿಡಿಹಿಡಿ ಕೈಗೆ ಬಂತು. ಕತ್ತರಿ ಖರ್ಚ ಉಳೀತು ನೋಡ.”

ಸುಬಾಬುಲ್ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಸ್ತು ಇದೆ. ಹೊಟ್ಟೆತುಂಬ ಅದನ್ನೇ ತಿಂದ ಕುರಿಯ ಉಣ್ಣೆ ಬುಡದಲ್ಲಿ ಸಡಿಲಾಗುತ್ತದೆ. ಆಸ್ಟ್ರೇಲಿಯಾದ ವಿಜ್ಞಾನಿಗಳು ಕತ್ತರಿಯಿಲ್ಲದೆ ಉಣ್ಣೆ ಬಿಡಿಸಲು ಇದೇ ಮಿಮೋಸಿನ್ ಬಳಸಿ ನೋಡಿದ್ದೂ ಉಂಟು. ಸ್ವಲ್ಪ ಸ್ವಲ್ಪ ಬೆರೆಸಿ ಹಾಕಿದರೆ ಅದು ಒಳ್ಳೆಯ ಮೇವೇ. ಅಜ್ಜನಿಗೆ ಸ್ವಲ್ಪ ಸ್ವಲ್ಪ ಬೆರೆಸುವಷ್ಟು ಬೇರೆ ಸೊಪ್ಪು ಎಲ್ಲಿದೆ ಎಂಬುದು ಬೇರೆ ಮಾತು.

ಕುರಿ ಮತ್ತು ಗಿಡದ ಜಗಳ ನಮ್ಮದೊಂದೇ ಅಲ್ಲ. ವೇಲ್ಸ್ ನಾಡಿನ ಗುಡ್ಡಗಳಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು. ಸಹಾಯಧನ ಬೇಕಾದರೆ ಹೊಲದ ನೂರಕ್ಕೆ 10 ಭಾಗ ಮರಗಳಿರಬೇಕು ಎಂದು ಅಲ್ಲಿನ ಸರಕಾರ ಯೋಜನೆ ಮಾಡಿತು. 2024ರ ಮಾರ್ಚ್‌ನಲ್ಲಿ ರೈತರು ಶಾಸನಸಭೆಯ ಮೆಟ್ಟಿಲುಗಳ ಮೇಲೆ 5,500 ಜೊತೆ ಗಂಬೂಟು ಸಾಲಾಗಿಟ್ಟರು; ಇದರಿಂದ ಅಷ್ಟು ಕೆಲಸ ಹೋಗುತ್ತದೆ ಎಂದು ಲೆಕ್ಕ. ಸರಕಾರ ಆ ಷರತ್ತನ್ನು ಕೈಬಿಟ್ಟಿತು. ಇದನ್ನು ಅಜ್ಜನಿಗೆ ಹೇಳಿದೆ. ಅವರಿಗೆ ಷರತ್ತಿನಲ್ಲಿ ಆಸಕ್ತಿ ಹುಟ್ಟಲಿಲ್ಲ. “ಅಷ್ಟೂ ಬೂಟ್ ತಿರುಗಿ ಒಯ್ದರೇನ?” ಎಂದರು.

ನಂದಗಡದ ಕಡೆ ಕೈ ತೋರಿಸಿ ನಮಸ್ಕಾರ ಮಾಡಿಯೇ ಅಜ್ಜ ಮಧ್ಯಾಹ್ನದ ನಿದ್ದೆಯಿಂದ ಏಳುತ್ತಾರೆ. ಖಾನಾಪುರದಿಂದ ಹಲಸಿಗೆ ಬರುವ ದಾರಿಯಲ್ಲೇ ನಂದಗಡ. ಸಂಗೊಳ್ಳಿ ರಾಯಣ್ಣನನ್ನು ಇಂಗ್ಲಿಷರು 1831ರ ಜನವರಿ 26ರಂದು ಗಲ್ಲಿಗೇರಿಸಿದ ಊರು. ಕುರುಬರ ಮನೆಯ ಮಗ. ಅವನ ಸಮಾಧಿಯ ಬಳಿಯ ಆಲವನ್ನು ಜೊತೆಗಾರ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟ ಎಂದು ಜನ ಹೇಳುತ್ತಾರೆ. ಮಕ್ಕಳಾಗದವರು ಅಲ್ಲಿ ತೊಟ್ಟಿಲು ಕಟ್ಟುತ್ತಾರೆ. ಹಿಂಡು ಆ ದಾರಿಯಲ್ಲಿ ಬಂದಾಗ ಅಜ್ಜ ರುಮಾಲು ತೆಗೆದಿದ್ದರಂತೆ. ಆ ಆಲದ ಸೊಪ್ಪನ್ನು ಮಾತ್ರ ಯಾವ ಕುರುಬನ ದೋಟಿಯೂ ಮುಟ್ಟುವುದಿಲ್ಲ.

ಸಂಜೆ ಹಿಂಡು ಮಡ್ಡಿಗೆ ಮರಳುತ್ತದೆ. ಈಗ ಬಲೆಯ ಕೆಲಸ. ನಿನ್ನೆಯ ಓಣಿಯ ಗೂಟ ಕೀಳುವುದು, ಇವತ್ತಿನ ಓಣಿಗೆ ನೆಡುವುದು. ನಾನೂ ಒಂದು ತುದಿ ಹಿಡಿಯುತ್ತೇನೆ. ನೈಲಾನ್ ದಾರ ಬೆರಳ ಸಂದಿಯನ್ನು ಕೊಯ್ಯುತ್ತದೆ. ಗೂಟ ಈ ಕಲ್ಲುನೆಲದಲ್ಲಿ ಮೂರು ಬಾರಿ ಹೊಡೆದರೂ ಗೇಣು ಇಳಿಯುವುದಿಲ್ಲ. ಮಾಲಕರು ಬಂದು ಒಂದು ಮಾರಿನ ಅಂತರ ಸರಿಯಾಗಿದೆಯೇ ಎಂದು ಕೈಚಾಚಿ ಅಳೆದು ನೋಡುತ್ತಾರೆ. ಎರಡು ಕಡೆ ಹಿಂದಕ್ಕೆ ಸರಿಸಿ ಎನ್ನುತ್ತಾರೆ. ಮಗ ಗೊಣಗುತ್ತಲೇ ಸರಿಸುತ್ತಾನೆ.

ಮಾಲಕರ ಆತಂಕಕ್ಕೆ ಕಾರಣವಿದೆ. ಸಸಿ ಅವರಿಗೆ ಸಿಕ್ಕಿದ್ದು ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ, 2011-12ರಲ್ಲಿ ಶುರುವಾದ ಯೋಜನೆ. ಇಲಾಖೆಯ ನರ್ಸರಿಯಿಂದ ಕಡಿಮೆ ಬೆಲೆಗೆ ಸಸಿ ಒಯ್ದು ಸ್ವಂತ ಹೊಲದಲ್ಲಿ ನೆಟ್ಟರೆ, ಒಂದು, ಎರಡು, ಮೂರನೆಯ ವರ್ಷದ ಕೊನೆಗೆ ಬದುಕಿರುವ ಸಸಿಗಳನ್ನು ಎಣಿಸಿ ತಲೆಗೆ ಇಷ್ಟು ಎಂದು ದುಡ್ಡು ಕೊಡುತ್ತಾರೆ. ನೆಟ್ಟದ್ದಕ್ಕಲ್ಲದೆ ಉಳಿಸಿದ್ದಕ್ಕೆ ದುಡ್ಡು ಕೊಡುವ ಈ ಯೋಜನೆ ನನಗೆ ಮೆಚ್ಚುಗೆ. ಎಣಿಕೆಗೆ ಬರುವವರು ಸತ್ತದ್ದನ್ನಷ್ಟೇ ಬಿಡುತ್ತಾರೆ, ಬೋಳಾದದ್ದನ್ನಲ್ಲ. ಆದರೂ ಮಾಲಕರಿಗೆ ಒಂದೊಂದು ಸಸಿಯೂ ಮಗು. ಮೂರು ವರ್ಷ ಕಳೆದರೆ ತುದಿ ಕುರಿಯ ಬಾಯಿ ದಾಟುತ್ತದೆ. ಆಮೇಲೆ ಬಲೆಯ ಅಳತೆ ಬೇಡ, ಕುರಿ ಗಿಡದ ಬುಡದಲ್ಲೇ ಹುಲ್ಲು ಮೇದು ಅಲ್ಲೇ ಮಲಗಬಹುದು, ಕಳೆ ಕೀಳುವ ಕೂಲಿಯೂ ಉಳಿಯುತ್ತದೆ.

“ಮೂರ ವರ್ಷ ಆದ ಮ್ಯಾಲೆ ಅಜ್ಜಾರನ್ನ ಕರೀತೀರೇನ್ರಿ?” ಎಂದೆ.

“ಅವರ ಇದ್ದರ ಕರೀತೇನಿ. ಮಗಾ ಟೆಂಪೋ ತಗೋತೇನಿ ಅನ್ನಾಕತ್ತಾನಲ್ರಿ.”

ಮಗ ತಲೆ ತಗ್ಗಿಸಿ ಗೂಟ ಹೊಡೆಯುತ್ತಾನೆ.

ಕತ್ತಲಾದ ಮೇಲೆ ಗಾಳಿ ಏಳುತ್ತದೆ. ಒಂದು ಜಾವಕ್ಕೆ ನಾಯಿಗಳು ಕಾಡಿನ ಕಡೆ ಮುಖ ಮಾಡಿ ಬೊಗಳುತ್ತವೆ, ಮುಂದೆ ಹೋಗುವುದಿಲ್ಲ. ಚಿರತೆಯೇ ಇರಬೇಕು, ತೋಳವಾಗಿದ್ದರೆ ನಾಯಿ ಬೆನ್ನಟ್ಟುತ್ತಿತ್ತು ಎನ್ನುತ್ತಾರೆ ಅಜ್ಜ, ಎದ್ದು ಕೂಗುತ್ತ. ಹಿಂಡು ಒಮ್ಮೆಲೇ ಒಂದು ಕಡೆಗೆ ಒತ್ತುತ್ತದೆ. ಬಲೆ ಬಿಲ್ಲಿನಂತೆ ಬಾಗುವುದು ಬ್ಯಾಟರಿ ಬೆಳಕಿನಲ್ಲಿ ಕಾಣುತ್ತದೆ. ಎರಡು ಗೂಟ ಮಲಗಿದವು. ಮಗ, ಸೊಸೆ, ನಾನು ಓಡುತ್ತೇವೆ. ನಾಲ್ಕೋ ಐದೋ ಹೊರಗೆ ಬಂದಿವೆ. ಹಿಡಿದು ಒಳಗೆ ತಳ್ಳಿ, ಗೂಟ ಮತ್ತೆ ನಿಲ್ಲಿಸಿ, ಬೆಳಗಿನವರೆಗೆ ಒಬ್ಬರಲ್ಲ ಒಬ್ಬರು ಕೂತಿರುತ್ತೇವೆ. ಯಾವ ಮೃಗ ಬಂದಿತ್ತೋ, ಹಿಂಡಿನಲ್ಲಿ ತಲೆ ಕಡಿಮೆಯಾಗಿಲ್ಲ.

ಬೆಳಕು ಹರಿಯುತ್ತಲೇ ಮಾಲಕರು ಬರುತ್ತಾರೆ. ಸಾಲಿನ ಗುಂಟ ನಡೆಯುತ್ತ ಪ್ರತಿ ಸಸಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಾರೆ. ಗೇರು ಎಲ್ಲ ನೆಟ್ಟಗೆ. ಒಂದು ಹಲಸು ನೆಲಮಟ್ಟಕ್ಕೆ ಹೋಗಿದೆ. ಎರಡು ಹೆಬ್ಬೇವಿನ ತುದಿ ಚಿವುಟಿದಂತಿದೆ, ಹಾಲು ಬಣ್ಣದ ಹಸಿ ಗಾಯ.

“ಮೂರು,” ಎನ್ನುತ್ತಾರೆ. “ಒಂದೂವರಿ ಸೇರ.”

ಮಗ ರೇಗುತ್ತಾನೆ. ಗಾಳಿ ಬಂತು, ಚಿರತೆ ಬಂತು, ಅದಕ್ಕೆ ನಾವೇನು ಮಾಡೋಣ. ಅಜ್ಜ ಅವನ ಹೆಗಲ ಮೇಲೆ ಕೈ ಇಡುತ್ತಾರೆ, ಮಾತಾಡುವುದಿಲ್ಲ. ಆಯಿ ಬಗ್ಗಿ ಮಡಿಲ ತುಂಬ ಹಿಕ್ಕೆ ತಂದು ಹೆಬ್ಬೇವಿನ ಬುಡಕ್ಕೆ ಸುರಿದು, ಕಾಲಿಂದ ಮಣ್ಣು ಮುಚ್ಚುತ್ತಾರೆ.

“ಇದಕ್ಕ ಎರಡ ಟಿಸಿಲ ಬರತಾವ ಬಿಡ್ರಿ ಮಾಲಕ್ರ.”

“ಎರಡ ಟಿಸಿಲ ಬಂದ್ರ ದಿಮ್ಮಿ ಆಗೂದಿಲ್ಲವಾ. ಹೆಬ್ಬೇವಿಗೆ ಒಂದ ಬೊಡ್ಡಿ ಇರಬೇಕ, ನೆಟ್ಟಗ.”

“ದಿಮ್ಮಿ ಆಗದಿದ್ರ ಸೊಪ್ಪ ಆಗಲಿ. ಅದಕ್ಕೂ ಬಾಯಿ ಅದಾವ.”

ಮಾಲಕರು ಉತ್ತರಿಸದೆ ಹಲಸಿನ ಗುಂಡಿಯ ಹತ್ತಿರ ಕೂರುತ್ತಾರೆ. ಬೇರು ಬದುಕಿದೆಯೇ ಎಂದು ಉಗುರಿನಿಂದ ತೊಗಟೆ ಕೆರೆಯುತ್ತಾರೆ. ಕೆಳಗೆ ಹಸಿರಿದೆ. “ಒಂದ ಸೇರ ಹಿಡೀರಿ,” ಎಂದು ಎದ್ದು ಹೋಗುತ್ತಾರೆ. ಮಗ ಬಲೆಯ ಮೂಲೆ ಎತ್ತುತ್ತಾನೆ, ಆಡು ಹೊರಗೆ ಬರುತ್ತದೆ. ಇನ್ನೂ ಎಂಟು ಓಣಿ ಉಳಿದಿವೆ.